ಆಕಾಶದ ಗಣಿ: ತಾರಸಿಯ ಆಂಟೆನಾ ಎತ್ತುವ ಧರ್ಮಪ್ರಶ್ನೆ

ತಾರಸಿಯ ಮೇಲೆ ಒಂದು ಕಬ್ಬಿಣದ ಕೊಳವೆ, ಅದರ ತುದಿಯಲ್ಲಿ ಮೊಳದುದ್ದದ ಬಿಳಿ ಫೈಬರ್‌ಗ್ಲಾಸ್ ಆಂಟೆನಾ, ಅಲ್ಲಿಂದ ಇಳಿಯುವ ದಪ್ಪ ಕೇಬಲ್ಲು, ಕೊನೆಗೆ ಮಳೆನೀರು ನುಗ್ಗದ ಪೆಟ್ಟಿಗೆಯೊಳಗೆ ಅಂಗೈಯಗಲದ ಯಂತ್ರ. ಕ್ರಿಪ್ಟೋ ಟೋಕನ್ ಗಳಿಸುವ ನಿಸ್ತಂತು ಹಾಟ್‌ಸ್ಪಾಟ್ ಎಂದರೆ ನೋಡುವುದಕ್ಕೆ ಇಷ್ಟೇ. ಬಿಟ್‌ಕಾಯಿನ್ ಗಣಿಗಾರಿಕೆಯ ಒಂದು ಯಂತ್ರ ಮೂರು ಸಾವಿರ ವ್ಯಾಟಿನಷ್ಟು ವಿದ್ಯುತ್ತನ್ನು ಹೀರುತ್ತದೆ. ಇದಕ್ಕೆ ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು ಸಾಕು. ಬಿಟ್‌ಕಾಯಿನ್ ಯಂತ್ರದಂತೆ ಇದು ಕಠಿಣ ಲೆಕ್ಕ ಬಿಡಿಸಿ ಗಳಿಸುವುದಿಲ್ಲ. ಸುತ್ತಲಿನ ಪ್ರದೇಶವನ್ನು ತನ್ನ ರೇಡಿಯೋ ಅಲೆಗಳು ಮುಟ್ಟುತ್ತಿವೆ ಎಂದು ತೋರಿಸಿ ಗಳಿಸುತ್ತದೆ. ಅಮೆರಿಕದಲ್ಲಿ 2013ರಲ್ಲಿ ಹುಟ್ಟಿದ ಹೀಲಿಯಂ ಎಂಬ ಸಂಸ್ಥೆ 2019ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದಿಂದ ಈ ಜಾಲವನ್ನು ಆರಂಭಿಸಿತು. ಮೂರು ವರ್ಷದೊಳಗೆ ಜಗತ್ತಿನ ಮನೆಗಳ ಮೇಲೆ ಹತ್ತು ಲಕ್ಷದ ಸಮೀಪ ಹಾಟ್‌ಸ್ಪಾಟ್‌ಗಳು ನಿಂತವು.

ಈ ಯಂತ್ರಕ್ಕೆ ಎರಡು ದಾರಿಯಲ್ಲಿ ಟೋಕನ್ ಬರುತ್ತದೆ. ನೀರಿನ ಮೀಟರು, ಮಣ್ಣಿನ ತೇವದ ಸಂವೇದಕ, ದನದ ಕೊರಳಿನ ಪಟ್ಟಿ ಇಂಥ ಸಣ್ಣ ಸಾಧನಗಳು ಕಳಿಸುವ ಪುಟ್ಟ ಸಂದೇಶವನ್ನು ಹಿಡಿದು ಅಂತರ್ಜಾಲಕ್ಕೆ ದಾಟಿಸಿದರೆ ಬರುವುದು ಒಂದು. ಅದರ ದರವನ್ನು ಜಾಲ ಮೊದಲೇ ಕಟ್ಟಿಟ್ಟಿದೆ: 24 ಬೈಟಿನ ಒಂದು ತುಣುಕಿಗೆ ಒಂದು ಡಾಲರಿನ ಲಕ್ಷದ ಒಂದು ಭಾಗ. ಇನ್ನೊಂದು, ವ್ಯಾಪ್ತಿಯ ಪುರಾವೆಗೆ ಸಿಗುವ ಬಹುಮಾನ. ಒಂದು ಹಾಟ್‌ಸ್ಪಾಟ್ ಆಗಾಗ ಕೂಗು ಹಾಕುತ್ತದೆ, ಕೇಳಿಸಿಕೊಂಡ ನೆರೆಯ ಹಾಟ್‌ಸ್ಪಾಟ್‌ಗಳು ‘ಕೇಳಿದೆವು’ ಎಂದು ಸಾಕ್ಷಿ ನುಡಿಯುತ್ತವೆ. ಕೂಗಿದವನಿಗೂ ಸಾಕ್ಷಿಗಳಿಗೂ ಪಾಲು ಬರುತ್ತದೆ. ಆರಂಭದ ವರ್ಷಗಳಲ್ಲಿ ಮನೆಮಾಲೀಕರಿಗೆ ಬಂದದ್ದು ಬಹುಪಾಲು ಈ ಎರಡನೆಯ ದಾರಿಯಿಂದಲೇ. ಧರ್ಮದ ಪ್ರಶ್ನೆ ಏಳುವುದೂ ಇಲ್ಲಿಯೇ. ಸುಮ್ಮನೆ ನಿಂತ ಕಂಬದಿಂದ ಬರುವ ಹಣ ದುಡಿಮೆಯ ಫಲವೇ? ಅದು ಆವರಿಸಿದ್ದೇನೆ ಎನ್ನುವ ಆಕಾಶ ಯಾರದು? ಆವರಿಸಿದ್ದು ನಿಜವೆಂದು ಹೇಳುವ ಅಧಿಕಾರ ಯಾರಿಗಿದೆ?

ಈ ಪ್ರಶ್ನೆಗಳನ್ನು ಸೇಲಂ, ಧರ್ಮಪುರಿ ಜಿಲ್ಲೆಗಳ ನೆಲದ ಮೇಲಿಟ್ಟು ನೋಡುವುದಕ್ಕೆ ಕಾರಣವಿದೆ. ಸೇಲಂ ಗಣಿಯನ್ನು ಬಲ್ಲ ಊರು. ನಗರದ ಉತ್ತರಕ್ಕಿರುವ ಸುಣ್ಣದಂತೆ ಬೆಳ್ಳಗಿನ ಗುಡ್ಡಗಳಿಂದ ನೂರು ವರ್ಷಕ್ಕೂ ಮಿಗಿಲಾಗಿ ಮ್ಯಾಗ್ನೆಸೈಟ್ ಅಗೆದಿದ್ದಾರೆ. ಕಂಜಮಲೆಯ ಕಬ್ಬಿಣದ ಅದಿರು ಅದಕ್ಕಿಂತ ಹಳೆಯ ಹೆಸರು. 1830ರ ದಶಕದಲ್ಲಿ ಪೋರ್ಟೊನೋವೊದಲ್ಲಿ ಕುಲುಮೆ ಹೂಡಿದ ಜೋಸಯ್ಯ ಮಾರ್ಷಲ್ ಹೀತ್ ನೆಚ್ಚಿಕೊಂಡದ್ದು ಸೇಲಂ ಜಿಲ್ಲೆಯ ಅದಿರನ್ನೇ. ನೆಲದ ಗಣಿಯಲ್ಲಿ ಅಗೆದಷ್ಟು ಕೈಗೆ ಬರುತ್ತದೆ, ಅಗೆದ ಕಡೆ ಹೊಂಡ ಉಳಿಯುತ್ತದೆ. ಆಕಾಶದ ಗಣಿಯಲ್ಲಿ ಅಗೆಯಲು ಏನೂ ಇಲ್ಲ. 22.3 ಕೋಟಿಗೆ ಮಿತಿ ಹಾಕಿದ ಟೋಕನ್‌ಗಳನ್ನು ನಿಯಮವೊಂದು ಹಂಚುತ್ತದೆ. ಎರಡು ವರ್ಷಕ್ಕೊಮ್ಮೆ ಹೊಸ ಟೋಕನ್ನಿನ ಪ್ರಮಾಣ ಅರ್ಧವಾಗುತ್ತದೆ. ಹೀಗಿರುವಾಗ ಯಾರಿಗೆ ಎಷ್ಟು ಎಂಬುದನ್ನು ನಿರ್ಧರಿಸುವುದರಲ್ಲಿ ಮನೆಯ ಜಾಗಕ್ಕೆ ಬಹುದೊಡ್ಡ ಪಾತ್ರವಿದೆ.

ಜಾಗ ಎಂದರೆ ಇಲ್ಲಿ ಎತ್ತರ. ಸೇಲಂ ನಗರ ಸಮುದ್ರಮಟ್ಟದಿಂದ ಮುನ್ನೂರು ಮೀಟರಿನ ಆಸುಪಾಸಿನಲ್ಲಿದೆ, ಸುತ್ತ ಬೆಟ್ಟಗಳ ಬೇಲಿ. ಶೇರ್ವರಾಯನ್ ಬೆಟ್ಟದ ಮೇಲಿನ ಏರ್ಕಾಡು 1,500 ಮೀಟರಿನಲ್ಲಿದೆ. ಈ ಹಾಟ್‌ಸ್ಪಾಟ್‌ಗಳು ಬಳಸುವ ಲೋರಾ ಎಂಬ ವಿಧಾನದಲ್ಲಿ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಶಕ್ತಿ ಕಡಿಮೆಯಾದರೂ ನಡುವೆ ಅಡ್ಡಿಯಿಲ್ಲದಿದ್ದರೆ ಈ ಅಲೆ ಬಹುದೂರ ಹೋಗುತ್ತದೆ. ನಗರದ ಅಮ್ಮಾಪೇಟೆಯ ಗಲ್ಲಿಯಲ್ಲಿ ಎರಡಂತಸ್ತಿನ ಮನೆಯ ಮೇಲಿನ ಆಂಟೆನಾಕ್ಕೆ ನಾಲ್ಕು ಕಡೆಯ ಕಾಂಕ್ರೀಟು ಅಡ್ಡ ಬರುತ್ತದೆ, ಕೆಲವು ಕಿಲೋಮೀಟರಿಗೆ ಅದರ ಲೋಕ ಮುಗಿಯುತ್ತದೆ. ಏರ್ಕಾಡಿನ ಅಂಚಿನ ಮನೆಗಾದರೋ ದಿಗಂತವೇ ನೂರು ಕಿಲೋಮೀಟರಿಗೆ ಆಚೆ ಇದೆ. ಯಂತ್ರ ಒಂದೇ, ಬೆಲೆ ಒಂದೇ. ಫಲ ಮಾತ್ರ ಬೇರೆ. ಈ ವ್ಯತ್ಯಾಸವನ್ನು ತಂದ ಬೆಟ್ಟವನ್ನು ಎತ್ತಿದವರು ಆ ಮನೆಯವರಲ್ಲ. ಆ ಬೆಟ್ಟದ ತುದಿಯ ಗುಹೆಯಲ್ಲಿ ಶೇರ್ವರಾಯನನ್ನು ಪೂಜಿಸುತ್ತ ಬಂದ ಮಲೆಯಾಳಿ ಬುಡಕಟ್ಟಿನವರಿಗೆ ಬೆಟ್ಟವೇ ದೇವರು, ಅದರ ಎತ್ತರ ಆಸ್ತಿಯ ಲೆಕ್ಕಕ್ಕೆ ಸೇರಿದ್ದಲ್ಲ.

ಎತ್ತರದ ಜೊತೆಗೆ ಒಂದು ತಾಂತ್ರಿಕ ಸೂಕ್ಷ್ಮವಿದೆ. ದೂರ ಮುಟ್ಟಬೇಕೆಂದು ಹೆಚ್ಚು ಗೇನ್ ಉಳ್ಳ, ಅಂದರೆ 8 ಡಿಬಿಐನಂಥ ಆಂಟೆನಾ ಹಾಕಿದರೆ ಅದು ಹೆಚ್ಚಿನ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ. ಇರುವ ಶಕ್ತಿಯನ್ನೇ ಚಪ್ಪಟೆ ಮಾಡಿ ದಿಗಂತದತ್ತ ಚೆಲ್ಲುತ್ತದೆ. ಬೆಟ್ಟದ ಮೇಲೆ ಅಂಥದನ್ನು ನಿಲ್ಲಿಸಿದರೆ ಅಲೆ ಕಣಿವೆಯ ಊರುಗಳ ತಲೆಯ ಮೇಲೆ ಹಾದುಹೋಗುತ್ತದೆ. ದೂರದ ಸಾಕ್ಷಿಗಳು ಹೆಚ್ಚುತ್ತಾರೆ, ಕಾಲಬುಡದ ತೋಟದ ಸಂವೇದಕ ಕೇಳಿಸದೆ ಹೋಗುತ್ತದೆ. ಬಹುಮಾನದ ಆಸೆಗೂ ಸೇವೆಗೂ ಆಂಟೆನಾದ ಆಯ್ಕೆಯಲ್ಲೇ ದಾರಿ ಬೇರೆಯಾಗಬಲ್ಲದು.

ಆಕಾಶ ಯಾರದೆಂಬ ಪ್ರಶ್ನೆಗೆ ಈ ಸೀಮೆಯ ಕಂದಾಯದ ಇತಿಹಾಸ ಒಂದು ದಾರಿ ತೋರುತ್ತದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲ್ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್, ಅವನ ಸಹಾಯಕ ಥಾಮಸ್ ಮನ್ರೋ ಇಲ್ಲಿಯೇ ಹೊಲಹೊಲವನ್ನೂ ಅಳೆದು ಒಬ್ಬೊಬ್ಬ ರೈತನ ಮೇಲೆ ಕಂದಾಯ ಕಟ್ಟುವ ಪದ್ಧತಿಗೆ ತಳಹದಿ ಹಾಕಿದರು. ರೈತವಾರಿ ಎಂದು ಮುಂದೆ ಮದ್ರಾಸ್ ಪ್ರಾಂತದ ಬಹುಭಾಗವನ್ನು ವ್ಯಾಪಿಸಿದ್ದು ಅದೇ. ಹಾಗೆ ಅಳೆದಾಗಲೂ ಕೆರೆ, ದಾರಿ, ಸ್ಮಶಾನ, ದನ ಮೇಯುವ ಬಯಲು ಪೊರಂಬೋಕು ಎಂದು ಹೊರಗುಳಿದವು. ಅವನ್ನು ಎಲ್ಲರೂ ಬಳಸಬಹುದು, ಯಾರೂ ಪಟ್ಟಾ ಕೇಳುವಂತಿಲ್ಲ.

ಆಕಾಶದಲ್ಲೂ ಕಾನೂನು ಇದೇ ಎರಡು ಬಗೆಯನ್ನು ಮಾಡಿದೆ. ರೇಡಿಯೋ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ, ಕ್ರಿಕೆಟ್ ಪ್ರಸಾರದ ವ್ಯಾಜ್ಯದಲ್ಲಿ ಹೇಳಿತು. 2012ರಲ್ಲಿ 122 ಲೈಸೆನ್ಸ್‌ಗಳನ್ನು ರದ್ದು ಮಾಡಿದ 2ಜಿ ತೀರ್ಪು ಅದೇ ಹಾದಿಯಲ್ಲಿ ಮುಂದೆ ಹೋಗಿ, ಇಂಥ ಸಂಪತ್ತಿಗೆ ಸರ್ಕಾರ ಜನರ ಪರವಾದ ಧರ್ಮದರ್ಶಿ ಎಂದಿತು. ಹರಾಜಿನಲ್ಲಿ ಕಂಪನಿಗಳಿಗೆ ಹೋಗುವ ತರಂಗಾಂತರ ಪಟ್ಟಾ ಜಮೀನಿನಂತೆ. ಹಾಟ್‌ಸ್ಪಾಟ್‌ಗಳು ಬಳಸುವುದು ಪೊರಂಬೋಕನ್ನು. 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗೆ 2005ರ ನಿಯಮ ಲೈಸೆನ್ಸ್ ವಿನಾಯಿತಿ ನೀಡಿತು, 2021ರಲ್ಲಿ ಅದು 868ರವರೆಗೆ ವಿಸ್ತರಿಸಿತು. ಪ್ರಸಾರದ ಶಕ್ತಿ 1 ವ್ಯಾಟ್ ಮೀರಬಾರದು, ಆಂಟೆನಾ ಸೇರಿ 4 ವ್ಯಾಟ್ ಮೀರಬಾರದು, ಉಪಕರಣಕ್ಕೆ ಇಲಾಖೆಯ ಒಪ್ಪಿಗೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಷರತ್ತು: ಬಳಸುವವರು ಇತರರಿಗೆ ಅಡ್ಡಿ ಮಾಡಬಾರದು, ಇತರರಿಂದ ಅಡ್ಡಿಯಾದರೆ ರಕ್ಷಣೆ ಕೇಳುವಂತಿಲ್ಲ, ತನಗೊಬ್ಬನಿಗೇ ಎನ್ನುವಂತಿಲ್ಲ.

ಹೀಗೆ ಎಲ್ಲರಿಗೂ ಬಿಟ್ಟದ್ದರಿಂದ ಗಳಿಸುವುದು ಕಳ್ಳತನವೇ? ಜೈನರ ತತ್ತ್ವಾರ್ಥಸೂತ್ರ ಕಳ್ಳತನವನ್ನು ವಿವರಿಸುವುದು, ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಎಂದು. ಧರ್ಮಪುರಿ ತಗಡೂರಾಗಿದ್ದ ಕಾಲದಲ್ಲಿ, 9ನೆಯ ಶತಮಾನದ ಕೊನೆಗೆ, ನೊಳಂಬ ಮಹೇಂದ್ರನ ಆಳ್ವಿಕೆಯಲ್ಲಿ ಅಲ್ಲೊಂದು ಬಸದಿ ಎದ್ದು ದತ್ತಿ ಪಡೆದದ್ದನ್ನು ಕನ್ನಡ ಶಾಸನ ಹೇಳುತ್ತದೆ. ಆ ಬಸದಿಯಲ್ಲಿ ಕುಳಿತು ಕೇಳಿದವರ ಅಳತೆಗೋಲಿನಿಂದ ನೋಡಿದರೂ ತಾರಸಿಯ ಆಂಟೆನಾ ಕಳ್ಳತನವಲ್ಲ, ಏಕೆಂದರೆ ಆ ಪಟ್ಟಿಯನ್ನು ಸಮಾಜ ಕೊಟ್ಟಿದೆ. ಆದರೆ ಕೊಟ್ಟಿರುವುದು ಬಳಕೆಯನ್ನು, ಒಡೆತನವನ್ನಲ್ಲ. ಸೇಲಂನಲ್ಲಿ ಇಂದಿಗೂ ಮನೆಯೊಳಗೆ ಕನ್ನಡ ಆಡುವ ದೇವಾಂಗ ನೇಕಾರರಿದ್ದಾರೆ. ಅವರು ತಮ್ಮವನೆಂದು ಗೌರವಿಸುವ ದೇವರ ದಾಸಿಮಯ್ಯ ನೆಲ, ಪೈರು, ಬೀಸುವ ಗಾಳಿ ಎಲ್ಲವನ್ನೂ ಶಿವನ ಕೊಡುಗೆಯೆಂದು ಕಂಡವನು. ಅವನ ದೃಷ್ಟಿಯಲ್ಲಿ ಉಣ್ಣುವವನ ಮೇಲೆ ಕೊಟ್ಟವನ ಋಣ ಉಳಿದೇ ಇರುತ್ತದೆ.

ತರ್ಕಶಾಸ್ತ್ರದವರ ನಿಲುವು ಇನ್ನೂ ಸ್ಪಷ್ಟ. ನ್ಯಾಯ ವೈಶೇಷಿಕರಿಗೆ ಆಕಾಶ ಒಂದೇ, ಎಲ್ಲೆಡೆ ತುಂಬಿರುವ ದ್ರವ್ಯ, ಶಬ್ದಕ್ಕೆ ಆಶ್ರಯ. ಗಡಿಗೆಯೊಳಗಿನ ಆಕಾಶ, ಮನೆಯೊಳಗಿನ ಆಕಾಶ ಎಂಬ ಭೇದ ಗಡಿಗೆ ಮನೆಗಳೆಂಬ ಉಪಾಧಿಯಿಂದ ತೋರುವಂಥದು. ಹಾಟ್‌ಸ್ಪಾಟ್ ಜಾಲ ಭೂಮಿಯನ್ನೆಲ್ಲ ಷಟ್ಕೋನಗಳಾಗಿ ಗೆರೆ ಕೊಯ್ದು, ಒಂದು ಷಟ್ಕೋನದಲ್ಲಿ ಯಂತ್ರಗಳು ಹೆಚ್ಚಾದರೆ ಎಲ್ಲರ ಪಾಲನ್ನೂ ತಗ್ಗಿಸುತ್ತದೆ. ಹಂಚಿಕೆಗೆ ಅದು ಬೇಕಾದ ಏರ್ಪಾಡು. ಆದರೆ ಷಟ್ಕೋನವೂ ಉಪಾಧಿಯೇ. ‘ನನ್ನ ಷಟ್ಕೋನಕ್ಕೆ ಇನ್ನೊಬ್ಬ ಬಂದ’ ಎಂದು ನೆರೆಯವನ ಮೇಲೆ ಮುನಿಯುವುದಕ್ಕೆ ಕಾನೂನಿನಲ್ಲೂ ತರ್ಕದಲ್ಲೂ ನೆಲೆಯಿಲ್ಲ.

ಒಡೆತನಕ್ಕಿಂತ ಆಳವಾದದ್ದು ಸಾಕ್ಷಿಯ ಪ್ರಶ್ನೆ. ಗಂಗರ ತಾಮ್ರಪಟಗಳಲ್ಲಿ ದಾನಕ್ಕೆ ತೊಂಬತ್ತಾರು ಸಾವಿರ ನಾಡಿನ ಪ್ರಜೆಗಳನ್ನು ಸಾಕ್ಷಿಯಾಗಿ ಹೇಳುವ ರೂಢಿಯಿತ್ತು. ಸಾಕ್ಷಿಗಳೆಂದು ಹೆಸರಿಸಿದವರು ದಾನದಲ್ಲಿ ಪಾಲು ಪಡೆಯುವವರಲ್ಲ. ಧರ್ಮಶಾಸ್ತ್ರಗಳೂ ವ್ಯಾಜ್ಯದ ಫಲದಲ್ಲಿ ಆಸೆಯುಳ್ಳವನನ್ನು ಸಾಕ್ಷಿಯ ಸ್ಥಾನದಿಂದ ಹೊರಗಿಡುತ್ತವೆ. ವ್ಯಾಪ್ತಿಯ ಪುರಾವೆಯಲ್ಲಿ ಆದದ್ದು ಇದರ ವಿರುದ್ಧ. ಕೂಗಿದವನಿಗೂ ಕೇಳಿದವನಿಗೂ ಒಂದೇ ರಾಶಿಯಿಂದ ಪಾಲು. ಕೂಗು ನಿಜವಾಗಿದ್ದರೆ ಇಬ್ಬರಿಗೂ ಲಾಭ, ಸುಳ್ಳಾದರೂ ಸಿಕ್ಕಿಬೀಳದಿದ್ದರೆ ಇಬ್ಬರಿಗೂ ಲಾಭ. ಆಗಬಾರದ್ದು ಬೇಗನೆ ಆಯಿತು. ಒಂದೇ ಕೋಣೆಯಲ್ಲಿ ಹಲವು ಯಂತ್ರಗಳನ್ನು ಇಟ್ಟು, ಅವು ಊರಿನ ಬೇರೆಬೇರೆ ಮೂಲೆಗಳಲ್ಲಿವೆ ಎಂದು ನಮೂದಿಸಿ, ಒಂದಕ್ಕೊಂದು ಸಾಕ್ಷಿ ಹೇಳಿಸಿ ಟೋಕನ್ ಎತ್ತಿದವರು ಹಲವು ದೇಶಗಳಲ್ಲಿ ಕಂಡುಬಂದರು. ಮುನ್ನೂರು ಮೀಟರಿಗಿಂತ ಹತ್ತಿರದ ಸಾಕ್ಷಿ ಸಲ್ಲದೆಂಬ ನಿಯಮ, ಸಂಕೇತದ ಬಲ ದೂರಕ್ಕೆ ತಕ್ಕಷ್ಟಿದೆಯೇ ಎಂಬ ತಪಾಸಣೆ, ಸುಳ್ಳು ಯಂತ್ರಗಳ ನಿಷೇಧಪಟ್ಟಿ ಒಂದರ ಹಿಂದೊಂದು ಬಂದವು. ಕಾವಲಿಗೊಂದು ಕಾವಲು, ಅದಕ್ಕೆ ಮತ್ತೊಂದು.

ಭಾರತೀಯ ದಾರ್ಶನಿಕರು ಇದನ್ನು ಅನವಸ್ಥೆ ಎನ್ನುತ್ತಾರೆ. ಒಂದು ಜ್ಞಾನ ಸರಿಯೆಂದು ಇನ್ನೊಂದು ಜ್ಞಾನದಿಂದ ಗೊತ್ತಾಗಬೇಕಾದರೆ, ಆ ಇನ್ನೊಂದು ಸರಿಯೆಂದು ಹೇಳುವುದು ಯಾವುದು? ಕೊನೆ ಎಲ್ಲಿ? ಮೀಮಾಂಸಕರು ಜ್ಞಾನದ ಪ್ರಾಮಾಣ್ಯ ಸ್ವತಃ ಸಿದ್ಧ, ದೋಷ ಕಂಡಾಗ ಮಾತ್ರ ಬಿದ್ದುಹೋಗುತ್ತದೆ ಎಂದರು. 13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಈ ಸರಣಿಯನ್ನು ಜೀವನೊಳಗಿನ ಸಾಕ್ಷಿಯಲ್ಲಿ ನಿಲ್ಲಿಸಿದರು. ಸುಖ, ದುಃಖ, ಕಾಲಗಳನ್ನು ಮಾತ್ರವಲ್ಲ, ಅವ್ಯಾಕೃತ ಆಕಾಶವನ್ನೂ ನೇರವಾಗಿ ಅರಿಯುವುದು ಅದೇ ಸಾಕ್ಷಿ. ಅದಕ್ಕೆ ಮೇಲೆ ಇನ್ನೊಂದು ಪ್ರಮಾಣ ಬೇಡ. ಅವರ ಪರಂಪರೆಯ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ನೈಯಾಯಿಕರೊಡನೆ ಈ ಪ್ರಾಮಾಣ್ಯದ ಪ್ರಶ್ನೆಯನ್ನೇ ಮೊದಲಿಗೆ ಎತ್ತಿಕೊಂಡರು. ಮಧ್ವರ ನಿಲುವನ್ನು ಒಪ್ಪುವವರಿಗೆ ಒಂದು ಮಾತು ಖಚಿತ: ಯಂತ್ರಕ್ಕೆ ಅಂಥ ಸಾಕ್ಷಿಯಿಲ್ಲ. ಯಂತ್ರಗಳ ಸಾಲು ಎಷ್ಟೇ ಉದ್ದವಾದರೂ ಕೊನೆಗೆ ನಿಲ್ಲುವುದು, ‘ಈ ಕಂಬ ನನ್ನ ಮನೆಯ ಮೇಲೆ, ಈ ಜಾಗದಲ್ಲಿದೆ’ ಎಂದು ನಕ್ಷೆಯಲ್ಲಿ ಗುರುತು ಹಾಕಿದ ಮನುಷ್ಯನ ಅಂತಃಕರಣದ ಮುಂದೆ. ಯಾರನ್ನೂ ನಂಬಬೇಕಿಲ್ಲದ ವ್ಯವಸ್ಥೆ ಎಂದು ಹೊಗಳಿಸಿಕೊಂಡ ತಂತ್ರಜ್ಞಾನ ಸತ್ಯವಚನವೆಂಬ ಹಳೆಯ ವ್ರತವನ್ನು ಅನವಶ್ಯಕವಾಗಿಸಿಲ್ಲ.

ನೈಯಾಯಿಕರ ಉತ್ತರ ಬೇರೆ, ಮತ್ತು ಈ ವಿಷಯಕ್ಕೆ ಅದು ಇನ್ನೂ ಹೆಚ್ಚು ಹೊಂದುತ್ತದೆ. ಅವರ ಪ್ರಕಾರ ಜ್ಞಾನದ ಸತ್ಯ ಗೊತ್ತಾಗುವುದು ಅದನ್ನು ನಂಬಿ ಹೊರಟವನ ಪ್ರಯತ್ನ ಫಲಿಸಿದಾಗ. ದೂರದಲ್ಲಿ ಕಂಡದ್ದು ನೀರೋ ಬಿಸಿಲುಗುದುರೆಯೋ ಎಂಬುದು ಹೋಗಿ ಕುಡಿದಾಗ ತೀರ್ಮಾನವಾಗುತ್ತದೆ. ಹಾಟ್‌ಸ್ಪಾಟ್‌ನ ವ್ಯಾಪ್ತಿ ನಿಜವೋ ಅಲ್ಲವೋ ಎಂಬುದಕ್ಕೂ ಇದೇ ಒರೆಗಲ್ಲು. ಯಾರದೋ ಸಂದೇಶ ಅದರ ಮೂಲಕ ದಾಟಿ ತಲುಪಬೇಕಾದಲ್ಲಿಗೆ ತಲುಪಿತೇ? ತಲುಪಿದ್ದರೆ ಪುರಾವೆ ಪೂರ್ಣ. ಯಂತ್ರಗಳು ಪರಸ್ಪರ ಕೂಗಿ ಕೇಳಿದ್ದು ಬರೀ ಮಾತುಕತೆ, ಫಲಿಸಿದ ಪ್ರಯತ್ನವಲ್ಲ.

ದುಡಿಮೆಯ ಪ್ರಶ್ನೆಗೂ ಉತ್ತರ ಇದೇ ಜಾಗದಲ್ಲಿ ಸಿಗುತ್ತದೆ. ಶರಣರ ಕಾಯಕದ ಕಲ್ಪನೆಯಲ್ಲಿ ಮೈ ಬೆವರಿದರಷ್ಟೇ ಸಾಲದು, ಅದರ ಫಲ ದಾಸೋಹಕ್ಕೆ ಸಲ್ಲಬೇಕು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ಆ ಅಕ್ಕಿಗೆ ಯಾರೂ ಕಾವಲಿರಲಿಲ್ಲ, ಕೇಳುವವರೂ ಇರಲಿಲ್ಲ. ಹೆಚ್ಚಿನ ಅಕ್ಕಿಗೆ ತಕ್ಕ ಅಗತ್ಯವಿಲ್ಲ ಎಂಬುದೊಂದೇ ಅವಳ ಆಕ್ಷೇಪ. ಟೋಕನ್ನಿನ ಲೋಕದಲ್ಲಿ ನಡೆದದ್ದು ಇದರ ವಿರುದ್ಧ. ಹೀಲಿಯಂ ಟೋಕನ್ ಬೆಲೆ 2021ರ ನವೆಂಬರಿನಲ್ಲಿ 50 ಡಾಲರ್ ದಾಟಿ, ಮರುವರ್ಷದ ಕೊನೆಗೆ 2 ಡಾಲರಿನ ಕೆಳಗಿಳಿಯಿತು. ಏರಿದ ದಿನಗಳಲ್ಲಿ ಜನ ಒಂದರ ಮೇಲೊಂದು ಯಂತ್ರ ತರಿಸಿದ್ದು ಸಂದೇಶ ಕಳಿಸುವವರು ಹೆಚ್ಚಿದರೆಂದಲ್ಲ. ಪ್ರಸಿದ್ಧ ಕಂಪನಿಗಳು ಜಾಲವನ್ನು ಬಳಸುತ್ತಿವೆ ಎಂಬ ಪ್ರಚಾರವೂ ಅದಕ್ಕೆ ಕುಮ್ಮಕ್ಕಾಯಿತು. 2022ರಲ್ಲಿ ಲೈಮ್, ಸೇಲ್ಸ್‌ಫೋರ್ಸ್ ಕಂಪನಿಗಳು ಅದನ್ನು ಅಲ್ಲಗಳೆದವು. ಹೀಲಿಯಂನ ಮಾತೃಸಂಸ್ಥೆ ನೋವಾ ಲ್ಯಾಬ್ಸ್ ಮೇಲೆ ಅಮೆರಿಕದ ಷೇರುಪೇಟೆ ನಿಯಂತ್ರಕರು 2025ರ ಜನವರಿಯಲ್ಲಿ ಹೂಡಿದ ಮೊಕದ್ದಮೆ ಎರಡು ಲಕ್ಷ ಡಾಲರ್ ದಂಡದ ರಾಜಿಯಲ್ಲಿ ಮುಗಿಯಿತು.

ಬಳಕೆಯಾದಾಗಲೇ ಸೇವೆ ಎಂಬ ಈ ನಿಲುವಿಗೆ ಎದುರು ವಾದವೊಂದಿದೆ, ಅದು ಹಗುರವಾದದ್ದಲ್ಲ. ಬೇಸಿಗೆಯ ದಾರಿಯಲ್ಲಿ ಅರವಟ್ಟಿಗೆ ಇಟ್ಟವನಿಗೆ ಪುಣ್ಯ ಬರುವುದು ಯಾರಾದರೂ ಕುಡಿದಾಗ ಮಾತ್ರವೇ? ಒಂದು ದಿನ ಯಾರೂ ಬಾರದಿದ್ದರೂ ನೀರು ತುಂಬಿಟ್ಟು ಕಾದದ್ದು ಸೇವೆಯೇ. ಜಾಲವೂ ಹಾಗೆ, ಮೊದಲು ವ್ಯಾಪ್ತಿ ಸಿದ್ಧವಾಗಬೇಕು, ಬಳಸುವವರು ಆಮೇಲೆ ಬರುತ್ತಾರೆ. ಈ ವಾದದಲ್ಲಿ ನಿಜವಿದೆ. ಭಾರತದಲ್ಲಿ ಲೋರಾ ಜಾಲವನ್ನು ಕಟ್ಟಲು ಹೊರಟ ಟಾಟಾ ಕಮ್ಯುನಿಕೇಷನ್ಸ್ ಕೂಡ ಮೊದಲು ಗೋಪುರಗಳ ಮೇಲೆ ಸಾಧನ ಕೂರಿಸಿಯೇ ಗಿರಾಕಿಗಳನ್ನು ಕರೆಯಬೇಕಾಯಿತು. ಆದರೆ ಅರವಟ್ಟಿಗೆಯನ್ನು ಇಡುವುದು ಜನ ನಡೆಯುವ ದಾರಿಯಲ್ಲಿ. ಅದರ ಜಾಗವನ್ನು ಗೊತ್ತುಮಾಡುವುದು ದಣಿದವರ ಬಾಯಾರಿಕೆ, ಪಕ್ಕದ ಅರವಟ್ಟಿಗೆಗಳ ಎಣಿಕೆಯಲ್ಲ. ಸಾಕ್ಷಿಗಳು ಹೆಚ್ಚಿರುವ ಜಾಗವನ್ನು ನಕ್ಷೆಯಲ್ಲಿ ಹುಡುಕಿ ನಿಲ್ಲಿಸಿದ ಆಂಟೆನಾಕ್ಕೆ ಕಾದು ಕುಳಿತ ಸೇವೆಯ ಹೆಸರು ಸಲ್ಲುವುದಿಲ್ಲ.

ಬಾಯಾರಿಕೆ ಎಲ್ಲಿದೆ ಎಂಬುದು ಧರ್ಮಪುರಿಯಲ್ಲಿ ಗುಟ್ಟಿನ ಸಂಗತಿಯಲ್ಲ. ಅಂತರ್ಜಲದ ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಟ್ಟ ಜಿಲ್ಲೆ ಅದು. ಜಪಾನಿನ ಸಾಲದ ನೆರವಿನಿಂದ ಕಟ್ಟಿ 2013ರಲ್ಲಿ ಚಾಲನೆಗೊಂಡ ಹೊಗೇನಕಲ್ ಯೋಜನೆ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಹಳ್ಳಿಗಳ ಟ್ಯಾಂಕುಗಳಿಗೆ ಕಾವೇರಿ ನೀರು ಮುಟ್ಟಿಸುತ್ತದೆ. ಟ್ಯಾಂಕು ತುಂಬಿತೇ, ಬರಿದಾಯಿತೇ, ಕೊಳವೆಯಲ್ಲಿ ನೀರು ಹರಿಯುತ್ತಿದೆಯೇ ಎಂಬ ಸುದ್ದಿ ಕೆಲವೇ ಬೈಟುಗಳದು. ಬ್ಯಾಟರಿಯಿಂದ ವರ್ಷಗಟ್ಟಲೆ ನಡೆಯುವ ಲೋರಾ ಸಂವೇದಕಕ್ಕೆ ಹೇಳಿಮಾಡಿಸಿದ ಕೆಲಸ. ವತ್ತಲ್‌ಮಲೆ, ಚಿತ್ತೇರಿ, ಕಲ್ವರಾಯನ್ ಬೆಟ್ಟಗಳ ಮೊಬೈಲ್ ಸಂಕೇತ ಕ್ಷೀಣಿಸುವ ತಿರುವುಗಳಲ್ಲಿ, ಪಾಲಕೋಡಿನ ಟೊಮೇಟೊ ಹೊಲಗಳಲ್ಲಿ, ಸೇಲಂನ ಮರಗೆಣಸಿನ ತೋಟಗಳಲ್ಲಿ ಇಂಥ ಪುಟ್ಟ ಸುದ್ದಿಗೆ ಬೆಲೆಯಿದೆ. ಆದರೆ ಈ ಹಳ್ಳಿಗಳಲ್ಲಿ ನೆರೆಯ ಹಾಟ್‌ಸ್ಪಾಟ್‌ಗಳು ಇರುವುದಿಲ್ಲ. ಒಂಟಿ ಆಂಟೆನಾಕ್ಕೆ ಸಾಕ್ಷಿಗಳಿಲ್ಲ, ಸಾಕ್ಷಿಗಳಿಲ್ಲದಿದ್ದರೆ ವ್ಯಾಪ್ತಿಯ ಬಹುಮಾನ ಅತ್ಯಲ್ಪ. ಸೇವೆ ಹೆಚ್ಚು ಬೇಕಾದಲ್ಲಿ ಕೂಲಿ ಕಡಿಮೆ, ಬೇಡದಲ್ಲಿ ಹೆಚ್ಚು. ವ್ಯವಸ್ಥೆಯ ನಿಜವಾದ ಧರ್ಮಸಂಕಟ ಇದು, ಮನೆಯವನೊಬ್ಬನ ಶೀಲದಿಂದ ಮಾತ್ರ ಇದು ತೀರುವುದಿಲ್ಲ.

ನೆರೆಯವರ ಕುರಿತ ಹೊಣೆಯನ್ನು ಚಿಕ್ಕದಾಗಿ ಹೇಳಬಹುದು. ಕೊಳವೆಯನ್ನು ಗಾಳಿಗೆ ಬೀಳದಂತೆ ಬಿಗಿಯಬೇಕು, ವಿದ್ಯುತ್ ತಂತಿಯಿಂದ ದೂರವಿರಿಸಬೇಕು, ಸಿಡಿಲು ನಿರೋಧಕ ಹಾಕಿ ಭೂಮಿಗೆ ಅರ್ತಿಂಗ್ ಕೊಡಬೇಕು. ಬೇಸಿಗೆಯ ಗುಡುಗು ಮಳೆ ಜೋರಾಗಿರುವ ಈ ಬೆಟ್ಟದ ಸೀಮೆಯಲ್ಲಿ ಅರ್ತಿಂಗ್ ಇಲ್ಲದ ಕಂಬ ಮನೆಮಂದಿಗೂ ಅಪಾಯ. ವಿಕಿರಣದ ಭಯಕ್ಕೆ ಮಾತ್ರ ಆಧಾರವಿಲ್ಲ. ಒಂದು ವ್ಯಾಟಿನೊಳಗಿನ, ದಿನಕ್ಕೆ ಕೆಲವೇ ಬಾರಿಯ ಪುಟ್ಟ ಪ್ರಸಾರವದು.

ಟೋಕನ್ ಸೇವೆಯಿಂದ ಬಂದಿರಲಿ, ಸಾಕ್ಷಿಯಿಂದ ಬಂದಿರಲಿ, ಕಾನೂನು ಗಳಿಕೆಯ ಬಗೆಗಳಲ್ಲಿ ಭೇದ ಮಾಡಿಲ್ಲ. ಟೋಕನ್ ಮಾರಿದ ಲಾಭಕ್ಕೆ 2022ರ ಏಪ್ರಿಲಿನಿಂದ ಶೇ. 30 ತೆರಿಗೆ, ಅದೇ ಜುಲೈಯಿಂದ ವ್ಯವಹಾರಕ್ಕೆ ಶೇ. 1 ಮುರಿತ, ನಷ್ಟವನ್ನು ಬೇರೆ ಲಾಭದಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಕ್ರಿಪ್ಟೋ ಕೂಡ ಆಸ್ತಿಯೇ, ಇನ್ನೊಬ್ಬರ ಪರವಾಗಿ ನಂಬಿಕೆಯಿಂದ ಹಿಡಿದಿಡಬಹುದಾದದ್ದು ಎಂದು ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರಿನಲ್ಲಿ ಹೇಳಿದೆ. ಟೋಕನ್ ಆಸ್ತಿಯೆಂದು ನ್ಯಾಯಾಲಯ ಒಪ್ಪಿತೆಂದ ಮಾತ್ರಕ್ಕೆ ಅದು ಕಾಯಕದ ಫಲವಾಗುವುದಿಲ್ಲ. ಸೇಲಂ, ಧರ್ಮಪುರಿಗಳಲ್ಲಿ ತಾರಸಿಗೆ ಆಂಟೆನಾ ಏರಿಸಲು ಹೊರಟವರು ಯಂತ್ರ ಕೊಳ್ಳುವ ಮೊದಲು ನೆರೆಯ ಹಾಟ್‌ಸ್ಪಾಟ್‌ಗಳನ್ನು ಎಣಿಸುವುದನ್ನು ಬಿಟ್ಟು, ಪಂಚಾಯಿತಿಯ ನೀರಿನ ಟ್ಯಾಂಕು ನೋಡಿಕೊಳ್ಳುವವರನ್ನೂ ಸುತ್ತಲ ರೈತರನ್ನೂ ಕಂಡು, ಯಾವ ಸುದ್ದಿ ಅವರಿಗೆ ಹೊತ್ತಿಗೆ ಸರಿಯಾಗಿ ಸಿಗುತ್ತಿಲ್ಲ ಎಂದು ವಿಚಾರಿಸಲಿ.